ಗಿಟಾರಿನ ವರ್ಧಕವನ್ನು ಮನೆಯಲ್ಲಿಯೇ ಕಟ್ಟೋಣ

ತಂಬೂರಿಗೆ ಸೋರೆಯ ಬುರುಡೆಯಿದೆ. ವೀಣೆಗೆ ಮರದ ಕೊಡವಿದೆ. ತಂತಿಯ ಸಣ್ಣ ಕಂಪನವನ್ನು ಅವು ಕೋಣೆಯ ತುಂಬ ಕೇಳಿಸುತ್ತವೆ. ವಿದ್ಯುತ್ ಗಿಟಾರಿಗೆ ಅಂತಹ ಟೊಳ್ಳು ಒಡಲಿಲ್ಲ. ಅದು ಸಾಮಾನ್ಯವಾಗಿ ಗಟ್ಟಿಮರದ ಹಲಗೆ. ಬರಿದೆ ಮೀಟಿದರೆ ಅದರ ನಾದವು ಪಕ್ಕದಲ್ಲಿ ಕುಳಿತವರಿಗೂ ಚೆನ್ನಾಗಿ ಕೇಳಿಸದು. ಅದಕ್ಕೆ ಆಂಪ್ಲಿಫೈಯರ್, ಎಂದರೆ ವರ್ಧಕ, ಬೇಕು. ಒಂದು ಕೋಣೆಗೆ ಸಾಕಾಗುವ ಪುಟ್ಟ ವರ್ಧಕವನ್ನು ಹೈಸ್ಕೂಲಿನ ವಿದ್ಯಾರ್ಥಿಗಳೂ ಕಟ್ಟಬಲ್ಲರು. ಕಟ್ಟುವ ಮೊದಲು ಅದು ಮಾಡುವ ಕೆಲಸವನ್ನು ತಿಳಿಯೋಣ.

ವರ್ಧಕದ ತತ್ತ್ವ

ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಭಾಗವಿದೆ. ಅದರಲ್ಲಿ ಅಯಸ್ಕಾಂತವೂ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರವು ಬದಲಾಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ನಿಯಮವೇ ಇದು. ಗಿಟಾರಿನ ಅತಿ ದಪ್ಪನೆಯ ತಂತಿಯು ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ವಿದ್ಯುತ್ತೂ ಅಷ್ಟೇ ಬಾರಿ ಏರಿಳಿಯುತ್ತದೆ. ಆದರೆ ಅದರ ಪ್ರಮಾಣ ಸುಮಾರು 0.1 ವೋಲ್ಟ್ ಮಾತ್ರ. ಸ್ಪೀಕರನ್ನು ನಡೆಸಲು ಆ ಶಕ್ತಿ ಸಾಲದು.

ಹಾಗಾದರೆ ವರ್ಧಕವು ಈ ಅಲ್ಪ ಶಕ್ತಿಯನ್ನೇ ಹಿಗ್ಗಿಸುವುದೇ? ಇಲ್ಲ. ನೀರಿನ ನಲ್ಲಿಯನ್ನು ನೆನೆಯಿರಿ. ಅದನ್ನು ತಿರುಗಿಸಲು ಮಗುವಿನ ಬೆರಳು ಸಾಕು; ನೀರಿನ ಬಲ ಬರುವುದು ಮಾಳಿಗೆಯ ಮೇಲಿನ ತೊಟ್ಟಿಯಿಂದ. ಹಾಗೆಯೇ ಗಿಟಾರು ಆಜ್ಞೆ ಮಾಡುತ್ತದೆ. ಬಲ ಕೊಡುವುದು ಬ್ಯಾಟರಿ. 1906ರಲ್ಲಿ ಲೀ ಡಿ ಫಾರೆಸ್ಟ್ ರಚಿಸಿದ ಮೂರು ಧ್ರುವಗಳ ವಾಲ್ವು ಇಂತಹ ‘ನಲ್ಲಿ’ಯಾಗಿ ಬಹುಕಾಲ ದುಡಿಯಿತು. 1947ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಇಂದು ಹಲವು ಟ್ರಾನ್ಸಿಸ್ಟರುಗಳು ಒಂದೇ ಚೂರಿನಲ್ಲಿ ಅಡಕವಾದ ಐ.ಸಿ.ಗಳು ಅಗ್ಗವಾಗಿ ದೊರೆಯುತ್ತವೆ.

ಮನೆಯೇ ಪ್ರಯೋಗಶಾಲೆಯಾಗುವುದು ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಆ ನಿಲಯದ ಹೆಸರೇ ಮುಂದೆ ದೇಶದ ರೇಡಿಯೋದ ಹೆಸರಾಯಿತು.

ಬೇಕಾದ ಸಾಮಗ್ರಿ

ಎಲ್‌ಎಂ 386 ಎಂಬ ಎಂಟು ಕಾಲುಗಳ ಐ.ಸಿ.; 8 ಓಮ್‌ನ ಸ್ಪೀಕರ್; 9 ವೋಲ್ಟ್ ಬ್ಯಾಟರಿ; 10 ಓಮ್‌ನ ರೆಸಿಸ್ಟರ್; 0.1, 0.047, 100 ಮತ್ತು 220 ಮೈಕ್ರೋಫ್ಯಾರಡ್‌ಗಳ ಕೆಪಾಸಿಟರುಗಳು ಒಂದೊಂದು. ಗಿಟಾರಿನ ಜ್ಯಾಕ್, ಒಂದು ಸ್ವಿಚ್ಚು, ತಂತಿ ಮತ್ತು ಮರದ ಪೆಟ್ಟಿಗೆ. ಗ್ರ್ಯಾಂಟ್ ರೋಡ್ ನಿಲ್ದಾಣದ ಸಮೀಪದ ಲ್ಯಾಮಿಂಗ್ಟನ್ ರಸ್ತೆಯು ಇಂತಹ ಬಿಡಿಭಾಗಗಳ ಅಂಗಡಿಗಳಿಗೆ ಹೆಸರಾದುದು. ಅದರ ಅಧಿಕೃತ ಹೆಸರು ಡಾ. ದಾದಾಸಾಹೇಬ ಭಡಕಮಕರ ಮಾರ್ಗ.

ಜೋಡಿಸುವ ಕ್ರಮ

1. ಐ.ಸಿ.ಯ ಕಚ್ಚು ಮೇಲಿರುವಂತೆ ಹಿಡಿಯಿರಿ. ಎಡಭಾಗದಲ್ಲಿ ಮೇಲಿನಿಂದ ಕೆಳಕ್ಕೆ 1ರಿಂದ 4, ಬಲಭಾಗದಲ್ಲಿ ಕೆಳಗಿನಿಂದ ಮೇಲಕ್ಕೆ 5ರಿಂದ 8 ಎಂದು ಕಾಲುಗಳನ್ನು ಎಣಿಸಬೇಕು.

2. 2 ಮತ್ತು 4ನೆಯ ಕಾಲುಗಳನ್ನು ಬ್ಯಾಟರಿಯ ಋಣಧ್ರುವಕ್ಕೂ, 6ನೆಯದನ್ನು ಸ್ವಿಚ್ಚಿನ ಮೂಲಕ ಧನಧ್ರುವಕ್ಕೂ ಸೇರಿಸಿರಿ. 6 ಮತ್ತು 4ರ ನಡುವೆ 100 ಮೈಕ್ರೋಫ್ಯಾರಡ್ ಕೆಪಾಸಿಟರಿರಲಿ. ಅದರ ಧನಭಾಗ 6ರ ಕಡೆಗೆ.

3. ಜ್ಯಾಕಿನ ತುದಿಯ ತಂತಿಯನ್ನು 0.1 ಮೈಕ್ರೋಫ್ಯಾರಡ್ ಮೂಲಕ 3ನೆಯ ಕಾಲಿಗೂ, ಇನ್ನೊಂದು ತಂತಿಯನ್ನು ಋಣಧ್ರುವಕ್ಕೂ ಜೋಡಿಸಿರಿ.

4. 5ನೆಯ ಕಾಲಿನಿಂದ 220 ಮೈಕ್ರೋಫ್ಯಾರಡ್ ಮೂಲಕ ಸ್ಪೀಕರಿಗೆ ಹೋಗಬೇಕು. ಅದರ ಧನಭಾಗ 5ರ ಕಡೆಗಿರಲಿ. ಸ್ಪೀಕರಿನ ಇನ್ನೊಂದು ತುದಿ ಋಣಧ್ರುವಕ್ಕೆ. ಈ ಕೆಪಾಸಿಟರಿಲ್ಲದಿದ್ದರೆ ಬ್ಯಾಟರಿಯ ನೇರ ವಿದ್ಯುತ್ತು ಸ್ಪೀಕರಿಗೆ ನುಗ್ಗುವುದು. ಏರಿಳಿಯುವ ನಾದವನ್ನು ಮಾತ್ರ ಇದು ಬಿಡುತ್ತದೆ.

5. 5ನೆಯ ಕಾಲಿನಿಂದ ಋಣಧ್ರುವಕ್ಕೆ 10 ಓಮ್ ಮತ್ತು 0.047 ಮೈಕ್ರೋಫ್ಯಾರಡ್‌ಗಳನ್ನು ಒಂದರ ಹಿಂದೊಂದಾಗಿ ಸೇರಿಸಿರಿ. ವರ್ಧಕವು ತಾನಾಗಿಯೇ ಕಂಪಿಸುವುದನ್ನು ಇವು ತಡೆಯುತ್ತವೆ.

1, 7 ಮತ್ತು 8ನೆಯ ಕಾಲುಗಳು ಬರಿದಾಗಿರಲಿ. ಬ್ಯಾಟರಿಯ ಧ್ರುವಗಳು ಅದಲುಬದಲಾದರೆ ಐ.ಸಿ. ಕೆಡುವುದರಿಂದ ಸ್ವಿಚ್ಚು ಒತ್ತುವ ಮೊದಲು ಎರಡು ಬಾರಿ ಪರೀಕ್ಷಿಸತಕ್ಕದ್ದು. ಸ್ಪೀಕರನ್ನು ಪೆಟ್ಟಿಗೆಯಲ್ಲಿ ಕೂರಿಸಿರಿ. ಬಯಲಿನಲ್ಲಿಟ್ಟರೆ ಅದರ ಮುಂದಿನ ಮತ್ತು ಹಿಂದಿನ ಅಲೆಗಳು ಕೂಡಿ ಮಂದ್ರಸ್ವರಗಳು ಅಡಗಿಹೋಗುತ್ತವೆ. ಸದ್ದನ್ನು ಗಿಟಾರಿನ ಗುಂಡಿಯಿಂದಲೇ ಹೊಂದಿಸಿಕೊಳ್ಳಬಹುದು.

ಒಂದು ಲೆಕ್ಕ

ಈ ಜೋಡಣೆಯಲ್ಲಿ ವರ್ಧನೆ 20 ಪಟ್ಟು. 0.1 ವೋಲ್ಟ್ ಒಳಬಂದರೆ 2 ವೋಲ್ಟ್ ಹೊರಬರುತ್ತದೆ. 1 ಮತ್ತು 8ನೆಯ ಕಾಲುಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರನ್ನು, ಧನಭಾಗ 1ರ ಕಡೆಗಿರುವಂತೆ, ಇಟ್ಟರೆ ವರ್ಧನೆ 200 ಪಟ್ಟಾಗುತ್ತದೆ. ಆಗ 20 ವೋಲ್ಟ್ ಬರಬೇಕಲ್ಲವೇ? ಬ್ಯಾಟರಿಯಲ್ಲಿರುವುದೇ 9 ವೋಲ್ಟ್! ಆದುದರಿಂದ ಅಲೆಯ ತಲೆಯೂ ತಳವೂ ಕತ್ತರಿಸಿಹೋಗಿ ನಾದವು ಒರಟಾಗುತ್ತದೆ. ರಾಕ್ ಸಂಗೀತಗಾರರು ಇದನ್ನೇ ಬೇಕೆಂದು ಬಳಸುತ್ತಾರೆ. ತೊಟ್ಟಿಯಲ್ಲಿಲ್ಲದ ನೀರನ್ನು ಯಾವ ನಲ್ಲಿಯೂ ಕೊಡಲಾರದು.

ಎಚ್ಚರಿಕೆ

ಬೆಸುಗೆಯ ಕೆಲಸವನ್ನು ಹಿರಿಯರ ಸಮ್ಮುಖದಲ್ಲಿ, ಕಿಟಕಿ ತೆರೆದು ಮಾಡಿರಿ. ಬಳಿಕ ಕೈ ತೊಳೆಯಿರಿ. ಗೋಡೆಯ 230 ವೋಲ್ಟ್ ವಿದ್ಯುತ್ತಿಗೆ ಈ ಯಂತ್ರವನ್ನು ಎಂದಿಗೂ ಜೋಡಿಸಕೂಡದು. ಹಳೆಯ ವಾಲ್ವ್ ರೇಡಿಯೋ, ವಾಲ್ವ್ ವರ್ಧಕಗಳನ್ನು ಬಿಚ್ಚುವ ಆಸೆಯೂ ಬೇಡ. ಅವುಗಳೊಳಗೆ ನೂರಾರು ವೋಲ್ಟ್ ಇರುತ್ತದೆ. ಪ್ಲಗ್ಗನ್ನು ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಪ್ರಾಣಾಂತಿಕವಾದ ವಿದ್ಯುತ್ತು ಉಳಿದಿರಬಹುದು. 9 ವೋಲ್ಟಿನ ಬ್ಯಾಟರಿಯನ್ನು ಇಲ್ಲಿ ಆರಿಸಿದ್ದು ಅಗ್ಗವೆಂದಷ್ಟೇ ಅಲ್ಲ, ಮುಟ್ಟಿದರೆ ಅಪಾಯವಿಲ್ಲವೆಂದು.

ಈ ವರ್ಧಕದ ಶಕ್ತಿ ಅರ್ಧ ವ್ಯಾಟಿನ ಆಸುಪಾಸು. ಸಭಾಗೃಹಕ್ಕೆ ಅದು ಸಾಲದು. ಗೋಡೆಗೆ ಗೋಡೆ ತಾಗಿದ ಚಾಳಿನ ಕೋಣೆಯಲ್ಲಿ ನೆರೆಯವರ ನಿದ್ದೆ ಕೆಡಿಸದೆ ಅಭ್ಯಾಸ ಮಾಡಲು ಬೇಕಾದಷ್ಟಾಯಿತು. ಕೊಂಡು ತಂದ ಯಂತ್ರ ಕೆಟ್ಟರೆ ಅದು ಮೂಲೆ ಸೇರುತ್ತದೆ. ಕೈಯಾರೆ ಕಟ್ಟಿದ ಯಂತ್ರ ಕೆಟ್ಟರೆ ಎಲ್ಲಿ ಹುಡುಕಬೇಕೆಂಬುದನ್ನು ಕಟ್ಟಿದವನು ಬಲ್ಲನು. ಭೌತಶಾಸ್ತ್ರದ ಪುಸ್ತಕದಲ್ಲಿ ಓದಿದ ಫ್ಯಾರಡೆಯ ನಿಯಮವನ್ನು ನಿಮ್ಮ ಕಿವಿಯಿಂದಲೇ ಕೇಳಿ ನೋಡಿರಿ.