ನಂಬಿಕೆಯ ಹೊಣೆ

ರೋಗಿಯು ತನ್ನ ದೇಹವನ್ನು ಶಸ್ತ್ರವೈದ್ಯನ ಕೈಗೆ ಒಪ್ಪಿಸುವಾಗ ಅವನಿಗಿರುವ ಆಧಾರ ನಂಬಿಕೆಯೊಂದೇ. ಅರಿವಳಿಕೆಯ ನಿದ್ರೆಯಲ್ಲಿರುವವನು ವೈದ್ಯನ ಕೆಲಸವನ್ನು ನೋಡಲಾರ. ನೋಡಿದರೂ ಅದರ ಗುಣದೋಷಗಳನ್ನು ತೂಗಿ ಹೇಳಲಾರ. ಹಾಗಾದರೆ ಈ ನಂಬಿಕೆಗೆ ಹೊಣೆ ಯಾರು? ಈ ಪ್ರಶ್ನೆಗೆ ಉತ್ತರವನ್ನು ಅರಸಿದ ಸಂಸ್ಥೆಗಳಲ್ಲಿ 'ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್' ಮುಖ್ಯವಾದುದು. ಹೆಸರಿನಲ್ಲಿ ಕಾಲೇಜ್ ಎಂದಿದ್ದರೂ ಅದು ಪದವಿ ನೀಡುವ ವಿದ್ಯಾಲಯವಲ್ಲ. ಶಸ್ತ್ರವೈದ್ಯರು ತಾವೇ ಕೂಡಿ ಕಟ್ಟಿಕೊಂಡ ಸಂಘ.

ಹತ್ತೊಂಬತ್ತನೆಯ ಶತಮಾನದ ಎರಡು ಸಾಧನೆಗಳು ಶಸ್ತ್ರಚಿಕಿತ್ಸೆಯ ಸ್ವರೂಪವನ್ನೇ ಬದಲಾಯಿಸಿದವು. 1846ರಲ್ಲಿ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ವಿಲಿಯಂ ಮಾರ್ಟನ್ ಈಥರಿನಿಂದ ರೋಗಿಗೆ ನೋವು ತಿಳಿಯದಂತೆ ಮಾಡಿ ತೋರಿಸಿದರು. 1867ರಲ್ಲಿ ಬ್ರಿಟನ್ನಿನ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದ ಬಳಕೆಯಿಂದ ಗಾಯವು ಕೀವಾಗದಂತೆ ತಡೆಯುವ ವಿಧಾನವನ್ನು ಪ್ರಕಟಿಸಿದರು. ಅಂದಿನವರೆಗೆ ಕೈಹಾಕಲು ಅಂಜುತ್ತಿದ್ದ ಹೊಟ್ಟೆ, ಎದೆಗಳ ಒಳಭಾಗವೂ ವೈದ್ಯನಿಗೆ ತೆರೆದುಕೊಂಡಿತು. ಆದರೆ ತೆರೆದ ಬಾಗಿಲಲ್ಲಿ ಕುಶಲರಂತೆ ಅಕುಶಲರೂ ಒಳಹೊಕ್ಕರು. ಆಗಿನ ಅಮೆರಿಕದಲ್ಲಿ ವೈದ್ಯವೃತ್ತಿಯ ಪರವಾನಗಿ ಪಡೆದ ಯಾವನಾದರೂ ಕತ್ತಿ ಹಿಡಿಯಬಹುದಾಗಿತ್ತು. ಶಸ್ತ್ರಚಿಕಿತ್ಸೆಗೆಂದೇ ಬೇರೆ ಪರೀಕ್ಷೆ ಇರಲಿಲ್ಲ. ರೋಗಿಯನ್ನು ಕಳುಹಿಸಿಕೊಟ್ಟ ವೈದ್ಯನಿಗೆ ಶಸ್ತ್ರವೈದ್ಯನು ತನ್ನ ಶುಲ್ಕದಲ್ಲಿ ಗುಟ್ಟಾಗಿ ಪಾಲು ಕೊಡುವ ದುರಭ್ಯಾಸವೂ ಹಬ್ಬಿತ್ತು. ಇದರಿಂದ ರೋಗಿಯು ಸಮರ್ಥನ ಬಳಿಗಲ್ಲ, ಹೆಚ್ಚು ಪಾಲು ಕೊಡುವವನ ಬಳಿಗೆ ಹೋಗಿ ಸೇರುವಂತಾಯಿತು.

ಈ ಸ್ಥಿತಿಯನ್ನು ಕಂಡು ಮರುಗಿದವರಲ್ಲಿ ಶಿಕಾಗೋ ನಗರದ ಫ್ರಾಂಕ್ಲಿನ್ ಮಾರ್ಟಿನ್ ಒಬ್ಬರು. ಅವರು 1905ರಲ್ಲಿ ಶಸ್ತ್ರವೈದ್ಯರಿಗಾಗಿ ಒಂದು ಪತ್ರಿಕೆಯನ್ನು ಹೊರಡಿಸಿದರು. ಓದುವುದರ ಜೊತೆಗೆ ಕಣ್ಣಾರೆ ಕಂಡು ಕಲಿಯುವುದೂ ಅಗತ್ಯವೆಂದು ಬಗೆದು, 1910ರಲ್ಲಿ ಶಿಕಾಗೋ ಆಸ್ಪತ್ರೆಗಳಲ್ಲಿ ನಡೆಯುವ ಶಸ್ತ್ರಚಿಕಿತ್ಸೆಗಳನ್ನು ನೋಡಲು ಪತ್ರಿಕೆಯ ಓದುಗರನ್ನು ಆಹ್ವಾನಿಸಿದರು. ನಿರೀಕ್ಷೆಗೆ ಮೀರಿ ಜನ ಬಂದರು. ಕಲಿಯುವ ಹಸಿವು ಎಷ್ಟಿದೆ ಎಂಬುದು ಆಗ ಗೊತ್ತಾಯಿತು. ಲಂಡನ್ನಿನ ರಾಯಲ್ ಕಾಲೇಜಿನ ಮಾದರಿಯನ್ನು ಎದುರಿಗಿಟ್ಟುಕೊಂಡು 1913ರಲ್ಲಿ ಸಂಘ ಸ್ಥಾಪನೆಯಾಯಿತು. ಬಾಲ್ಟಿಮೋರ್ ನಗರದ ಜಾನ್ ಫಿನ್ನಿ ಮೊದಲ ಅಧ್ಯಕ್ಷರಾದರು. ಶುಲ್ಕದಲ್ಲಿ ಪಾಲು ಕೊಡುವುದಿಲ್ಲವೆಂಬ ಪ್ರತಿಜ್ಞೆ ಸದಸ್ಯತ್ವದ ಮೊದಲ ಕಟ್ಟಳೆಗಳಲ್ಲಿ ಸೇರಿತು.

ಸಂಘವನ್ನು ಸೇರಬಯಸುವವರು ತಾವು ನಡೆಸಿದ ಶಸ್ತ್ರಚಿಕಿತ್ಸೆಗಳ ವಿವರಗಳನ್ನು ಬರೆದು ಒಪ್ಪಿಸಬೇಕೆಂಬುದು ಇನ್ನೊಂದು ನಿಯಮ. ನಿಯಮವೇನೋ ಸರಳ. ಆದರೆ ಅದನ್ನು ಪಾಲಿಸಲು ಹೊರಟಾಗ ವಿಷಮ ಸಂಗತಿಯೊಂದು ಹೊರಬಿತ್ತು: ಅನೇಕ ಆಸ್ಪತ್ರೆಗಳಲ್ಲಿ ರೋಗಿಗಳ ಸರಿಯಾದ ದಾಖಲೆಯೇ ಇರಲಿಲ್ಲ! ಯಾರಿಗೆ ಯಾವ ಚಿಕಿತ್ಸೆ ನಡೆಯಿತು, ಅವನು ಬದುಕಿದನೇ, ಗುಣಹೊಂದಿದನೇ ಎಂಬುದನ್ನು ಹೇಳಬಲ್ಲ ಕಾಗದವಿರಲಿಲ್ಲ. ವೈದ್ಯನನ್ನು ಪರೀಕ್ಷಿಸಬೇಕಾದರೆ ಮೊದಲು ಆಸ್ಪತ್ರೆಯನ್ನು ಪರೀಕ್ಷಿಸಬೇಕೆಂದು ಸಂಘಕ್ಕೆ ಮನವರಿಕೆಯಾಯಿತು.

ಈ ಮಾತನ್ನು ಮೊದಲಿನಿಂದಲೂ ಸಾರುತ್ತಿದ್ದವರು ಬಾಸ್ಟನ್ನಿನ ಅರ್ನೆಸ್ಟ್ ಕಾಡ್ಮನ್. ಪ್ರತಿಯೊಬ್ಬ ರೋಗಿಗೂ ಒಂದು ಚೀಟಿ ಇಟ್ಟು, ವರ್ಷ ಕಳೆದ ಮೇಲೆ ಅವನ ಸ್ಥಿತಿಯನ್ನು ವಿಚಾರಿಸಿ ಬರೆಯಬೇಕು. ಫಲ ಕೆಟ್ಟಿದ್ದರೆ ಏಕೆ ಕೆಟ್ಟಿತೆಂದು ಕೇಳಬೇಕು. ಉತ್ತರವನ್ನು ಜನರ ಮುಂದಿಡಬೇಕು. ಇದು ಅವರ ವಾದ. ತಮ್ಮ ಚಿಕ್ಕ ಆಸ್ಪತ್ರೆಯಲ್ಲಿ 1911ರಿಂದ 1916ರವರೆಗೆ ಚಿಕಿತ್ಸೆ ಪಡೆದ 337 ರೋಗಿಗಳ ವಿವರಗಳನ್ನೂ, ಅವುಗಳಲ್ಲಿ ತಾವೇ ಗುರುತಿಸಿದ 123 ತಪ್ಪುಗಳನ್ನೂ ಅವರು ಅಚ್ಚುಹಾಕಿಸಿದರು. ಇಷ್ಟು ನಿಷ್ಠುರವಾದ ಸತ್ಯವನ್ನು ಸಹೋದ್ಯೋಗಿಗಳು ಸಹಿಸಲಿಲ್ಲ. 1915ರಲ್ಲಿ ಬಾಸ್ಟನ್ನಿನ ವೈದ್ಯರನ್ನು ವ್ಯಂಗ್ಯಚಿತ್ರವೊಂದರಿಂದ ಬಹಿರಂಗವಾಗಿ ಅಣಕಿಸಿದ ಮೇಲಂತೂ ಕಾಡ್ಮನ್ ಒಬ್ಬಂಟಿಯಾದರು.

ಆದರೂ ಅವರು ಬಿತ್ತಿದ ವಿಚಾರ ಮೊಳೆಯಿತು. ಅಮೆರಿಕ, ಕೆನಡಾಗಳಲ್ಲಿ ನೂರು ಹಾಸಿಗೆಗಳಿಗೆ ಕಡಮೆಯಿಲ್ಲದ 692 ಆಸ್ಪತ್ರೆಗಳನ್ನು ಸಂಘವು ತಪಾಸಣೆ ಮಾಡಿಸಿತು. ಮಟ್ಟಕ್ಕೆ ಬಂದವು ಕೇವಲ 89. 1919ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸೇರಿದ ಸಭೆಯಲ್ಲಿ ಈ ಅಂಕೆಗಳನ್ನು ಮಾತ್ರ ಹೇಳಲಾಯಿತು. ಆಸ್ಪತ್ರೆಗಳ ಹೆಸರಿನ ಪಟ್ಟಿ ಪತ್ರಿಕೆಗಳ ಕೈಸೇರೀತೆಂದು ಹೆದರಿ, ಮುಖಂಡರು ಅದನ್ನು ಹಿಂದಿನ ರಾತ್ರಿಯೇ ಹೋಟೆಲಿನ ಒಲೆಯಲ್ಲಿ ಸುಟ್ಟುಬಿಟ್ಟಿದ್ದರು. ತಪ್ಪಿದ ಆಸ್ಪತ್ರೆಗಳಲ್ಲಿ ದೇಶದ ಹೆಸರಾಂತ ಸಂಸ್ಥೆಗಳೂ ಇದ್ದವು.

ಸುಟ್ಟದ್ದು ಹೇಡಿತನವೆಂದು ಯಾರಾದರೂ ಹೇಳಿದರೆ ಅದನ್ನು ಅಲ್ಲಗಳೆಯುವುದು ಕಷ್ಟ. ಆದರೆ ಸಂಘ ಅಲ್ಲಿಗೇ ನಿಲ್ಲಲಿಲ್ಲ. ಒಂದೇ ಪುಟದಲ್ಲಿ ಹಿಡಿಸುವ 'ಕನಿಷ್ಠ ಮಟ್ಟ'ವನ್ನು ಗೊತ್ತುಪಡಿಸಿತು. ವೈದ್ಯರು ಅರ್ಹರೂ ಶೀಲವಂತರೂ ಆಗಿದ್ದು ಒಂದು ವ್ಯವಸ್ಥೆಗೆ ಒಳಪಟ್ಟಿರಬೇಕು. ತಿಂಗಳಿಗೊಮ್ಮೆಯಾದರೂ ಕೂಡಿ ತಮ್ಮ ಚಿಕಿತ್ಸೆಯನ್ನು ತಾವೇ ವಿಮರ್ಶಿಸಬೇಕು. ಪ್ರತಿ ರೋಗಿಯ ದಾಖಲೆ ಇರಬೇಕು. ಪ್ರಯೋಗಾಲಯವೂ ಎಕ್ಸ್‌ರೇ ಸೌಲಭ್ಯವೂ ಇರಬೇಕು. ಇಂದು ಸಾಮಾನ್ಯವೆನಿಸುವ ಈ ಮಾತುಗಳು ಅಂದು ಕ್ರಾಂತಿಕಾರಕವಾಗಿದ್ದವು. 1950ರ ವೇಳೆಗೆ ಮೂರು ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳು ಈ ಮಟ್ಟವನ್ನು ಮುಟ್ಟಿದವು. 1951ರಲ್ಲಿ ಇತರ ವೈದ್ಯ ಸಂಸ್ಥೆಗಳೊಡನೆ ಸೇರಿ ಒಂದು ಸಂಯುಕ್ತ ಆಯೋಗವನ್ನು ಸ್ಥಾಪಿಸಿ, ತಪಾಸಣೆಯ ಕಾರ್ಯವನ್ನು ಸಂಘವು ಅದಕ್ಕೆ ವಹಿಸಿಕೊಟ್ಟಿತು. 1980ರಿಂದ ಸಂಘವು ನಡೆಸುತ್ತಿರುವ, ಅಪಘಾತದಲ್ಲಿ ಗಾಯಗೊಂಡವರ ತುರ್ತು ಚಿಕಿತ್ಸೆಯ ಶಿಕ್ಷಣ ನಮ್ಮ ದೇಶವೂ ಸೇರಿದಂತೆ ಅನೇಕ ರಾಷ್ಟ್ರಗಳಿಗೆ ಹರಡಿದೆ.

ಸಂಘದ ಬೆಳವಣಿಗೆಯಲ್ಲಿ ಕಲೆಗಳಿಲ್ಲದಿಲ್ಲ. ಸ್ಥಾಪಕ ಸದಸ್ಯರಲ್ಲಿ ಡೇನಿಯಲ್ ಹೇಲ್ ವಿಲಿಯಮ್ಸ್ ಎಂಬ ಕಪ್ಪು ಜನಾಂಗದ ವೈದ್ಯರೊಬ್ಬರಿದ್ದರೂ, ಆ ಬಳಿಕ ಬಹುಕಾಲ ಅವರ ಜನಾಂಗದವರಿಗೆ ಬಾಗಿಲು ಮುಚ್ಚಿದಂತೆಯೇ ಇತ್ತು. ಆ ಜನಾಂಗದ ಲಸಾಲ್ ಲೆಫಾಲ್ ಅಧ್ಯಕ್ಷರಾದುದು 1995ರಲ್ಲಿ. ಕ್ಯಾಥರಿನ್ ಆಂಡರ್ಸನ್ ಮೊದಲ ಮಹಿಳಾ ಅಧ್ಯಕ್ಷೆಯಾದುದು 2005ರಲ್ಲಿ.

ಕಾಡ್ಮನ್ 1940ರಲ್ಲಿ ತೀರಿಕೊಂಡರು. ಅವರ ಸಮಾಧಿಯ ಮೇಲೆ ಹೆಸರು ಕೆತ್ತಿದ ಕಲ್ಲೂ ಇರಲಿಲ್ಲ. 2014ರಲ್ಲಿ ವೈದ್ಯಸಮುದಾಯ ಅಲ್ಲಿ ಕಲ್ಲನ್ನು ನಿಲ್ಲಿಸಿತು. ಇಂದು ಸಂಘದ ಸದಸ್ಯರ ಸಂಖ್ಯೆ ಎಂಬತ್ತು ಸಾವಿರವನ್ನು ಮೀರಿದೆ. ಆದರೆ ಅದರ ಹಿರಿಮೆ ಸಂಖ್ಯೆಯಲ್ಲಿಲ್ಲ. ಒಂದೇ ವೃತ್ತಿಯವರು ತಮ್ಮ ಹಿತಕ್ಕಾಗಿ ಕೂಡುವುದು ಲೋಕರೂಢಿ. ತಮ್ಮ ಕೆಲಸದ ಲೆಕ್ಕವನ್ನು ಒಪ್ಪಿಸಲು ಕೂಡುವುದು ವಿರಳ. ಹಾಗೆ ಲೆಕ್ಕ ಒಪ್ಪಿಸಿದಾಗಲೇ ಕಣ್ಣುಮುಚ್ಚಿ ಮಲಗಿದ ರೋಗಿಯ ನಂಬಿಕೆಗೆ ನಿಜವಾದ ಹೊಣೆಗಾರರು ದೊರೆಯುತ್ತಾರೆ.