ಕೆಲಸವಿಲ್ಲದ ದಿನಗಳೂ ದಿನಗಳೇ

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಕಂಪ್ಯೂಟರ್ ಪ್ರೋಗ್ರಾಮರ್ ಆಗಿರುವ ಮಗನೋ ಮಗಳೋ ಇರಬಹುದು. ಹೋದ ತಿಂಗಳವರೆಗೆ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಎಂಟು ಗಂಟೆಗೆ ಕಂಪನಿಯ ಕ್ಯಾಬ್ ಹತ್ತುತ್ತಿದ್ದ ಹುಡುಗ ಈಗ ಹತ್ತು ಗಂಟೆಯಾದರೂ ಲುಂಗಿಯಲ್ಲೇ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದಾನೆ. ಹಳೆಯ ಕೆಲಸ ಹೋಗಿದೆ, ಹೊಸದು ಸಿಕ್ಕಿಲ್ಲ. ತಾಯಿ ಅಡುಗೆಮನೆಯಿಂದ ಇಣುಕಿ ನೋಡುತ್ತಾರೆ. ಪರದೆಯ ಮೇಲೆ ಸಾಲುಸಾಲಾಗಿ ಏನೋ ಅಕ್ಷರಗಳು. ಅದು ಓದೋ, ಕೆಲಸವೋ, ಆಟವೋ ಅವರಿಗೆ ತಿಳಿಯದು.

“ಎಲ್ಲಿಂದಾದ್ರೂ ಫೋನ್ ಬಂತೇನಪ್ಪಾ?”

“ಇಲ್ಲಮ್ಮ.”

ಅಲ್ಲಿಗೆ ಮಾತು ಮುಗಿಯಿತು. ಮಧ್ಯಾಹ್ನ ಅವನು ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗುತ್ತಾನೆ. ಕೆಲಸ ಹೋದದ್ದಕ್ಕಿಂತ ಈ ಮೌನವೇ ಎಷ್ಟೋ ಮನೆಗಳನ್ನು ಹೆಚ್ಚು ನೋಯಿಸುತ್ತದೆ. ಈ ಮೌನವನ್ನು ಮುರಿಯುವುದು ಹೇಗೆ ಎಂದು ಇಂದು ಯೋಚಿಸೋಣ.

ತಪ್ಪು ಯಾರದು?

ನಮ್ಮ ಹಿರಿಯರಲ್ಲಿ ಅನೇಕರು ಒಂದೇ ಕಾರ್ಖಾನೆಯಲ್ಲಿ ಸೇರಿ ಅಲ್ಲಿಂದಲೇ ನಿವೃತ್ತರಾದವರು. ಆ ಅಳತೆಗೋಲು ಈ ವೃತ್ತಿಗೆ ಹೊಂದುವುದಿಲ್ಲ. ಬೆಂಗಳೂರಿನಲ್ಲಿ ಬರೆಯುವ ಪ್ರೋಗ್ರಾಮಿನ ಗಿರಾಕಿ ಎಷ್ಟೋ ಸಲ ಅಮೆರಿಕದಲ್ಲೋ ಯೂರೋಪಿನಲ್ಲೋ ಇರುತ್ತಾನೆ. ಅಲ್ಲಿ ಖರ್ಚು ಬಿಗಿಯಾದರೆ ಇಲ್ಲಿ ಕುರ್ಚಿ ಖಾಲಿಯಾಗುತ್ತದೆ. 2001ರಲ್ಲಿ ಹೀಗಾಯಿತು, 2008ರಲ್ಲಿ ಆಯಿತು, 2022ರ ಕೊನೆಯಿಂದ ಮತ್ತೆ ಆಯಿತು. ಚೆನ್ನಾಗಿ ದುಡಿದವರೂ ಆ ಪಟ್ಟಿಗಳಲ್ಲಿದ್ದರು.

ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಸಂಜೆ ಐದರ ಹೊತ್ತಿಗೂ ಪೇಟೆಯಲ್ಲಿ ಕೆಲವರು ನಿಂತಿದ್ದರು. ಏಕೆ ನಿಂತಿದ್ದೀರಿ ಎಂದು ದ್ರಾಕ್ಷಿತೋಟದ ಯಜಮಾನ ಕೇಳಿದಾಗ, ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದರು. ಯಜಮಾನ ಆ ಉತ್ತರವನ್ನು ನಂಬಿದ. ಸೋಮಾರಿಗಳೆಂದು ಗದರಲಿಲ್ಲ. ಅವರು ಮನೆಗೆ ಹೋಗಿ ಮಲಗಿರಲಿಲ್ಲ, ಸಂಜೆಯವರೆಗೂ ಕಾದಿದ್ದರು ಎಂಬುದನ್ನೂ ಗಮನಿಸಿ.

ಅವನ ದಿನದಲ್ಲಿ ಏನಿದೆ?

ಇಂದಿನ ಪೇಟೆ ಆ ಲ್ಯಾಪ್‌ಟಾಪಿನೊಳಗಿದೆ. ಬೆಳಿಗ್ಗೆ ನೌಕರಿ, ಲಿಂಕ್ಡ್‌ಇನ್ ತಾಣಗಳಲ್ಲಿ ಹುಡುಕಾಟ, ಒಂದೊಂದು ಕಂಪನಿಗೂ ತಕ್ಕಂತೆ ರೆಸ್ಯೂಮೆ ತಿದ್ದುವುದು. ಆಮೇಲೆ ಸಂದರ್ಶನದ ತಯಾರಿ. ಹತ್ತು ವರ್ಷ ಅನುಭವವಿದ್ದವನಿಗೂ ಕಾಲೇಜಿನಲ್ಲಿ ಓದಿದ ಲೆಕ್ಕಗಳನ್ನೇ ಕೊಟ್ಟು, ಗಡಿಯಾರ ಹಿಡಿದು, ಕಣ್ಣೆದುರೇ ಬಿಡಿಸು ಎನ್ನುತ್ತಾರೆ. ಇಂಥ ಮೂರು ನಾಲ್ಕು ಸುತ್ತುಗಳು ವಾರಗಟ್ಟಲೆ ನಡೆಯುವುದುಂಟು. ಕೊನೆಗೆ ‘ಇಲ್ಲ’ ಎಂಬ ಉತ್ತರವೂ ಬಾರದೆ ಹೋಗುವುದುಂಟು. ಇಷ್ಟಕ್ಕೂ ಸಂಬಳವಿಲ್ಲ. ಹಾಗೆಂದು ಇದು ಸೋಮಾರಿತನವಲ್ಲ.

ಇನ್ನು ಹವ್ಯಾಸದ ಮಾತು. ಪ್ರೋಗ್ರಾಮರನ ಬಿಡುವಿನ ಆಟವೂ ಹೊರಗಿನವರಿಗೆ ಕೆಲಸದಂತೆಯೇ ಕಾಣುತ್ತದೆ. ಇಂದು ಶಾಲಾ ಮಕ್ಕಳೂ ಕಲಿಯುವ ಪೈಥಾನ್ ಭಾಷೆಯನ್ನು ಗೈಡೊ ವಾನ್ ರಾಸಮ್ 1989ರ ಕ್ರಿಸ್ಮಸ್ ರಜೆಯಲ್ಲಿ ಹೊತ್ತು ಕಳೆಯಲೆಂದು ಆರಂಭಿಸಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಹವ್ಯಾಸವಾಗಿ ಬರೆದದ್ದು ಲಿನಕ್ಸ್. ನಿಮ್ಮ ಆಂಡ್ರಾಯ್ಡ್ ಫೋನಿನ ಒಡಲಲ್ಲಿ ಅದೇ ಇದೆ. ಎಲ್ಲರೂ ಬಳಸುವ ಇಂಥ ಮುಕ್ತ ತಂತ್ರಾಂಶಗಳ ದೋಷ ಹುಡುಕಿ ತಿದ್ದುವುದು ಎಷ್ಟೋ ಜನರ ಬಿಡುವಿನ ಸಂತೋಷ. ಆಗಮನ ಕಾಲದ ಕ್ಯಾಲೆಂಡರನ್ನು ಅನುಸರಿಸಿ 2015ರಲ್ಲಿ ಎರಿಕ್ ವಾಸ್ಟಲ್ ಆರಂಭಿಸಿದ ‘ಅಡ್ವೆಂಟ್ ಆಫ್ ಕೋಡ್’ ಎಂಬ ಆಟವೂ ಇದೆ. ಡಿಸೆಂಬರ್ 1ರಿಂದ ದಿನಕ್ಕೊಂದು ಒಗಟು. ಪ್ರೋಗ್ರಾಮ್ ಬರೆದು ಬಿಡಿಸಬೇಕು. ಕೆಲಸ ಹೋದವನಿಗೆ ಇಂಥ ಒಂದು ಒಗಟು ಬಿಡಿಸಿದರೆ ‘ನನ್ನ ಕೈ ಇನ್ನೂ ಓಡುತ್ತದೆ’ ಎಂಬ ಧೈರ್ಯ ಬರುತ್ತದೆ.

ಆದರೆ ಎಲ್ಲ ಕಾಲಕ್ಷೇಪವೂ ಇಂಥದ್ದಲ್ಲ. ಬೆಳಗಿನ ಜಾವ ಮೂರರವರೆಗೆ ವಿಡಿಯೋ ಗೇಮ್, ಸೀರಿಯಲ್ಲು, ಏಳುವುದು ಮಧ್ಯಾಹ್ನ. ಮನಸ್ಸು ಕಟ್ಟುವ ಹವ್ಯಾಸ ಯಾವುದು, ಮುಖ ಮರೆಸುವ ಹವ್ಯಾಸ ಯಾವುದು? ಸುಲಭದ ಪರೀಕ್ಷೆ ಒಂದಿದೆ. “ಏನ್ ಮಾಡ್ತಿದ್ದೀಯೋ, ನಂಗೂ ತೋರ್ಸು” ಎಂದು ಪಕ್ಕದಲ್ಲಿ ಕುಳಿತುಕೊಳ್ಳಿ. ಮೊದಲನೆಯದಾದರೆ ಉತ್ಸಾಹದಿಂದ ತೋರಿಸುತ್ತಾನೆ. ಎರಡನೆಯದಾದರೆ ಲ್ಯಾಪ್‌ಟಾಪ್ ಮುಚ್ಚುತ್ತಾನೆ. ಮುಚ್ಚಿದರೂ ಬೈಯಬೇಡಿ, ನಾಳೆ ಮತ್ತೆ ಕೇಳಿ.

ಮನೆಯವರು ಏನು ಮಾಡಬಹುದು?

ಮೊದಲು, ಹಣದ ಮಾತನ್ನು ಬಚ್ಚಿಡದೆ ಆಡಿ. ಮನೆಸಾಲದ ಕಂತು ಎಷ್ಟು, ಕೈಯಲ್ಲಿರುವುದು ಎಷ್ಟು ತಿಂಗಳಿಗೆ ಸಾಕು ಎಂದು ಎಲ್ಲರೂ ಕೂಡಿ ಬರೆದಿಡಿ. ಕಂಪನಿಯ ಆರೋಗ್ಯವಿಮೆಯಲ್ಲಿ ತಂದೆತಾಯಿಯರ ಹೆಸರೂ ಇದ್ದಿರಬಹುದು. ಕೆಲಸದೊಂದಿಗೆ ಅದೂ ಸಾಮಾನ್ಯವಾಗಿ ನಿಲ್ಲುತ್ತದೆ. ಅದೇ ವಿಮಾ ಸಂಸ್ಥೆಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಸಾಧ್ಯವೇ ಎಂದು ಕೆಲಸ ಬಿಡುವ ಮುನ್ನವೇ ವಿಚಾರಿಸಿ. ಭವಿಷ್ಯನಿಧಿಯ ಹಣಕ್ಕೆ ಅವಸರದಲ್ಲಿ ಕೈ ಹಾಕಬೇಡಿ.

ಎರಡನೆಯದಾಗಿ, ದಿನಕ್ಕೊಂದು ಕಟ್ಟು ಇರಲಿ. ಬೆಳಿಗ್ಗೆ ಕೆಲಸದ ಹುಡುಕಾಟ, ಮಧ್ಯಾಹ್ನ ಹೊಸದೊಂದರ ಕಲಿಕೆ, ಸಂಜೆ ಮನೆಯಿಂದ ಹೊರಗೆ ನಡಿಗೆಯೋ ಶಟಲ್ ಆಟವೋ. ರಾತ್ರಿಯ ಊಟ ಮಾತ್ರ ಎಲ್ಲರೊಂದಿಗೆ. ಸಂದರ್ಶನದ ಹೊತ್ತಿನಲ್ಲಿ ಕುಕ್ಕರ್ ಇಡಬೇಡಿ. ಅದರ ಸೀಟಿ ಆ ಕಡೆಯವರಿಗೂ ಕೇಳಿಸುತ್ತದೆ! ಮನೆಗೆಲಸದಲ್ಲಿ ಅವನ ಪಾಲು ಇರಲಿ, ಆದರೆ ‘ಹೇಗೂ ಖಾಲಿ ಇದ್ದೀಯಲ್ಲ’ ಎಂಬ ಮಾತು ಬೇಡ. ಮಗಳಾಗಿದ್ದರೆ, ‘ಹೇಗೂ ಮನೆಯಲ್ಲಿದ್ದಾಳೆ’ ಎಂದು ಅವಸರದಲ್ಲಿ ಗಂಡು ನೋಡಲು ಹೊರಡಬೇಡಿ.

ಮೂರನೆಯದಾಗಿ, ನಿದ್ದೆ ಊಟ ಬಿಟ್ಟು, ತಾನು ಇದ್ದೇನು ಪ್ರಯೋಜನ ಎಂಬಂಥ ಮಾತು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ದೇವಾಲಯದ ಅಂಗಳದಲ್ಲಿ

ಕೊನೆಯದಾಗಿ ನಮ್ಮ ನಿಮ್ಮ ಮಾತು. ಕೆಲಸ ಹೋದ ಎಷ್ಟೋ ಯುವಕರು ಭಾನುವಾರದ ಬಲಿಪೂಜೆಗೆ ಬರುವುದನ್ನೂ ನಿಲ್ಲಿಸುತ್ತಾರೆ. ಅವರಿಗೆ ದೇವರ ಮೇಲೆ ಮುನಿಸಿಲ್ಲ, ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಾವು ಕೇಳುವ “ಕೆಲ್ಸ ಸಿಕ್ತಾ?” ಎಂಬ ಪ್ರಶ್ನೆಗೆ ಹೆದರುತ್ತಾರೆ. ಪ್ರೀತಿಯಿಂದಲೇ ಕೇಳಿದರೂ ಹತ್ತು ಜನ ಕೇಳಿದಾಗ ಅದು ಹತ್ತು ಏಟು. ಸಂತ ಎರಡನೇ ಜಾನ್ ಪೌಲರು 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ವಿಶ್ವಪರಿಪತ್ರದಲ್ಲಿ, ದುಡಿಮೆಗೆ ಬೆಲೆ ಬರುವುದು ದುಡಿಯುವವನು ಮನುಷ್ಯನಾಗಿರುವುದರಿಂದ ಎಂದು ಬೋಧಿಸಿದರು. ಸಂಬಳ ನಿಂತ ದಿನ ಆ ಮನುಷ್ಯ ಕಡಿಮೆಯಾಗುವುದಿಲ್ಲ.

ಈ ವೃತ್ತಿಯಲ್ಲಿ ಒಳಗಿರುವ ನೌಕರ ಒಬ್ಬನ ಹೆಸರು ಸೂಚಿಸಿದರೆ ಅವನ ಅರ್ಜಿಯನ್ನು ಕಂಪನಿಗಳು ಬೇಗ ನೋಡುವ ಪದ್ಧತಿಯಿದೆ. ನಿಮ್ಮ ಮಗಳೋ ಅಳಿಯನೋ ಅಂಥ ಕಡೆ ಇದ್ದರೆ, ಮುಂದಿನ ಭಾನುವಾರ ಪ್ರಶ್ನೆಯನ್ನು ಬದಲಾಯಿಸಿ: “ನಿನ್ನ ರೆಸ್ಯೂಮೆ ಕಳ್ಸಪ್ಪಾ, ನಮ್ಮ ಹುಡುಗಿ ಆಫೀಸ್‌ನಲ್ಲಿ ಕೊಡ್ತಾಳೆ.”

ಮನೆಯಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಒಬ್ಬರಿಗೆ ಮೂರು ತಿಂಗಳು ಸಂಬಳ ನಿಂತರೆ ಯಾವ ಖರ್ಚನ್ನು ಮೊದಲು ಬಿಡುತ್ತೇವೆ?

2. ನಮ್ಮ ಮಕ್ಕಳು ಮಾಡುವ ಕೆಲಸವೇನೆಂದು ಹತ್ತು ವಾಕ್ಯಗಳಲ್ಲಿ ಹೇಳಬಲ್ಲೆವೇ?

3. ಇತ್ತೀಚೆಗೆ ಪೂಜೆಯಲ್ಲಿ ಕಾಣದಿರುವ ಯುವಕ ಯುವತಿಯರು ಯಾರು? ಅವರ ಮನೆಗೆ ಈ ವಾರ ಯಾರು ಹೋಗುತ್ತೇವೆ?