ಯಾರು ಸಿದ್ದಿ? ಹೇಳುವವರು ಯಾರು?

ಅಕ್ಕಂದಿರೇ, ನಮ್ಮ ಊರುಗಳಲ್ಲಿ ಕರಿಯವ್ವ ಇದ್ದಾಳೆ, ಕರಿಬಸಪ್ಪ ಇದ್ದಾನೆ. ಅದು ಮೈಬಣ್ಣ ನೋಡಿ ಇಟ್ಟ ಹೆಸರಲ್ಲ, ದೇವರ ಹೆಸರು. ಹೊಲದಲ್ಲಿ ದುಡಿಯುವ ನಮ್ಮ ಮೈ ಬಿಸಿಲಿಗೆ ಕಪ್ಪಾಗುತ್ತದೆ. ಹೆಣ್ಣು ನೋಡಲು ಬಂದವರು "ಬಣ್ಣ ಸ್ವಲ್ಪ ಕಮ್ಮಿ ಐತಿ" ಅಂದು ಹೋಗುತ್ತಾರೆ. ನಮಗೆ ನೋವಾಗುತ್ತದೆ. ಆದರೆ "ನೀನು ಯಾವ ದೇಶದಾಕಿ?" ಅಂತ ನಮ್ಮನ್ನು ಯಾರೂ ಕೇಳುವುದಿಲ್ಲ.

ಅಳ್ನಾವರದ ಸಂತೆಗೆ ಬಂದ ಸಿದ್ದಿ ಅಕ್ಕನಿಗೆ ಮಾತ್ರ ಈ ಪ್ರಶ್ನೆ ಬರುತ್ತದೆ.

"ಯಕ್ಕಾ, ಯಾವ ದೇಶದವರು ನೀವು?"

"ಇಲ್ಲೇ ರೀ, ಹಳಿಯಾಳದ ಕಡೆಯಾಕಿ."

"ಕನ್ನಡ ಎಷ್ಟ್ ಛಲೋ ಮಾತಾಡ್ತೀರಿ!"

"ಹುಟ್ಟಿದ್ದು ಇಲ್ಲೇ. ಮತ್ತ್ಯಾವ ಮಾತು ಆಡ್ಲಿ?"

ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಕ್ಕಿಲ್ಲ. ಆದರೂ ಅಜ್ಜನ ಅಜ್ಜ ಹುಟ್ಟಿದ ನೆಲದಲ್ಲೇ ಪ್ರತಿ ಸಾರಿ ಹೀಗೆ ಉತ್ತರ ಕೊಡುವುದು ಸುಲಭವಲ್ಲ.

ಸಿದ್ದಿ ಜನ ನಮ್ಮ ನೆರೆಯವರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆಯ ಕಾಡಿನಂಚಿನಲ್ಲಿ ಅವರ ಊರುಗಳಿವೆ. ನಮ್ಮ ಕಲಘಟಗಿ ಕಡೆಗೂ ಇದ್ದಾರೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಗೂ ಇದ್ದಾರೆ. ಕೆಲವರು ಹಿಂದೂಗಳು, ಕೆಲವರು ಮುಸಲ್ಮಾನರು, ಕೆಲವರು ಕ್ರಿಶ್ಚಿಯನ್ನರು. ಮನೆಯಲ್ಲಿ ಕೊಂಕಣಿಯಂಥ ಮಾತು ಆಡುವವರಿದ್ದಾರೆ, ಉರ್ದು, ಮರಾಠಿ ಆಡುವವರೂ ಇದ್ದಾರೆ. ಕನ್ನಡ ಎಲ್ಲರಿಗೂ ಬರುತ್ತದೆ. ನಮ್ಮ ಹಾಗೆ ಸಿದ್ದಿ ಹೆಣ್ಣುಮಕ್ಕಳೂ ಹಳೇ ಸೀರೆಗಳಿಂದ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಮಡಿಚಿದ ಬಟ್ಟೆಯ ಮುಕ್ಕೋನ ತುಂಡು ಹಚ್ಚುತ್ತಾರೆ. ಆ ಹೂವು ಇಲ್ಲದಿದ್ದರೆ ಕೌದಿ ಪೂರ್ತಿಯಾಗುವುದಿಲ್ಲ.

ಇವರ ಹಿರಿಯರು ಆಫ್ರಿಕಾ ಖಂಡದಿಂದ ಬಂದವರು. ತಾವಾಗಿ ಬಂದವರು ಕಡಿಮೆ. ಪೋರ್ಚುಗೀಸರು ಬಹಳ ಮಂದಿಯನ್ನು ಗುಲಾಮರನ್ನಾಗಿ ಹಡಗಿನಲ್ಲಿ ಗೋವಾಕ್ಕೆ ತಂದರು. ಗುಲಾಮ ಅಂದರೆ ದನದ ಹಾಗೆ ಮಾರಿದ ಮನುಷ್ಯ. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಅರಬರ ಜೊತೆಗೆ ಬಂದವರೂ ಇದ್ದರು. ಎಲ್ಲರೂ ಕೆಳಗೇ ಉಳಿಯಲಿಲ್ಲ. ಗುಲಾಮನಾಗಿ ಮಾರಾಟವಾಗಿದ್ದ ಮಲಿಕ್ ಅಂಬರ್ ಅಹಮದನಗರ ರಾಜ್ಯವನ್ನೇ ನಡೆಸಿದ. ಅವನು 1626ರಲ್ಲಿ ತೀರಿಕೊಂಡ. ವಿಜಾಪುರದ ಆದಿಲಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ದೊಡ್ಡ ಮಂತ್ರಿಯಾಗಿದ್ದ. ಅವನೂ ಆಫ್ರಿಕಾ ಮೂಲದವನೇ. ಆ ದರ್ಬಾರಿನಲ್ಲಿ ಕಪ್ಪು ಮೈ ಅಧಿಕಾರಕ್ಕೆ ಅಡ್ಡ ಬರಲಿಲ್ಲ.

ಇಷ್ಟು ಕಾಲ ಒಂದೇ ನೆಲದಲ್ಲಿ ಬಾಳಿದ ಮೇಲೆ ರಕ್ತ ಕೂಡದೆ ಇರುತ್ತದೆಯೇ? ವಿಜ್ಞಾನಿಗಳು ಸಿದ್ದಿ ಜನರ ರಕ್ತ ಪರೀಕ್ಷೆ ಮಾಡಿ 2011ರಲ್ಲಿ ವರದಿ ಕೊಟ್ಟರು. ಹೆಚ್ಚಿನ ಪಾಲು ಆಫ್ರಿಕಾದ್ದು. ಅದರಲ್ಲಿ ಈ ನೆಲದವರ ಪಾಲೂ ಇದೆ, ಯುರೋಪಿನ ಪಾಲೂ ಸ್ವಲ್ಪ ಇರಬಹುದು. ಹಾಗಾಗಿ ಸಿದ್ದಿಗಳಲ್ಲಿ ಗುಂಗುರು ಕೂದಲಿನವರಿದ್ದಾರೆ, ನೇರ ಕೂದಲಿನವರೂ ಇದ್ದಾರೆ. ಅಚ್ಚ ಕಪ್ಪು ಮೈಯವರಿದ್ದಾರೆ, ನಮ್ಮ ಬಣ್ಣದವರೂ ಇದ್ದಾರೆ. ನೇರ ಕೂದಲಿನ ಹುಡುಗಿಗೆ ಜನ "ನೀ ಸಿದ್ದಿ ಕಂಡಂಗ ಕಾಣಂಗಿಲ್ಲ" ಅಂದರೆ ಅವಳು ಏನು ಹೇಳಬೇಕು? ಅವಳ ಅವ್ವ ಸಿದ್ದಿ, ಅಪ್ಪ ಸಿದ್ದಿ, ಹಬ್ಬಕ್ಕೆ ಅವರ ಓಣಿಯಲ್ಲಿ ಡಮಾಮಿ ಬಾರಿಸುತ್ತಾರೆ. ಅವಳಿಗೆ ಅದು ಸಾಕು. ನೋಡುವವರಿಗೆ ಸಾಲದು.

ಇನ್ನೊಂದು ಮಾತು. 1980ರ ದಶಕದ ಕೊನೆಗೆ ಸರಕಾರದವರು ಸಿದ್ದಿ ಮಕ್ಕಳನ್ನು ಹುಡುಕಿಕೊಂಡು ಬಂದರು. ಆಫ್ರಿಕಾದ ರಕ್ತ, ಛಲೋ ಓಡುತ್ತಾರೆ ಅಂತ ಆಟೋಟದ ತರಬೇತಿ ಕೊಟ್ಟರು. ಕೆಲವು ಮಕ್ಕಳು ಪದಕ ತಂದರು. ಕೆಲವೇ ವರ್ಷಕ್ಕೆ ಯೋಜನೆ ನಿಂತಿತು. ಸಂತೆಯಲ್ಲಿ ನಗುವಂತೆ ಮಾಡಿದ ರಕ್ತವೇ ಮೈದಾನದಲ್ಲಿ ಬೇಕಾಯಿತು ನೋಡಿ!

ಯಾರು ಕಪ್ಪು ಜನ ಅಂತ ಬೇರೆ ದೇಶಗಳಲ್ಲಿ ಕಾನೂನೇ ಹೇಳುತ್ತಿತ್ತು. ಅಮೆರಿಕಾದಲ್ಲಿ ಹೋಮರ್ ಪ್ಲೆಸಿ ಎಂಬುವನಿದ್ದ. ಅವನ ಮುತ್ತಜ್ಜ ಮುತ್ತಜ್ಜಿಯರು ಎಂಟು ಮಂದಿ. ಲೆಕ್ಕ ಹಾಕಿದರೆ ಎಂಟರಲ್ಲಿ ಒಂದು ಪಾಲು ಮಾತ್ರ ಆಫ್ರಿಕಾದ ರಕ್ತ. ನೋಡಲು ಬಿಳಿಯನೇ. 1892ರಲ್ಲಿ ಅವನು ರೈಲಿನಲ್ಲಿ ಬಿಳಿಯರ ಡಬ್ಬಿಯಲ್ಲಿ ಕುಳಿತ. ಅದು ಬೇಕಂತಲೇ ಮಾಡಿದ ಪ್ರತಿಭಟನೆ. ಅವನನ್ನು ಬಂಧಿಸಿದರು. 1896ರಲ್ಲಿ ಅಲ್ಲಿನ ದೊಡ್ಡ ಕೋರ್ಟು ಅವನ ವಿರುದ್ಧವೇ ತೀರ್ಪು ಕೊಟ್ಟಿತು. ಒಂದು ಹನಿ ರಕ್ತ ಇದ್ದರೂ ಕಪ್ಪು ಎನ್ನುವ ಕಾನೂನು ಆಮೇಲೆ ಕೆಲವು ರಾಜ್ಯಗಳಲ್ಲಿ ಬಂತು. ಬಿಳಿ ರಕ್ತ ಏಳು ಪಾಲು ಇದ್ದರೂ ಬಿಳಿಯನಲ್ಲ. ಇದು ಯಾವ ಲೆಕ್ಕ ಅಂತ ನಮಗಂತೂ ತಿಳಿಯಲಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ 1950ರಿಂದ ಪ್ರತಿಯೊಬ್ಬರ ಹೆಸರಿನ ಮುಂದೆ ಬಿಳಿ, ಕಪ್ಪು, ಮಿಶ್ರ ಅಂತ ಬರೆದರು. ಅನುಮಾನ ಬಂದರೆ ಕೂದಲಿನಲ್ಲಿ ಪೆನ್ಸಿಲ್ ಸಿಗಿಸಿ ನೋಡುತ್ತಿದ್ದರು, ಬೀಳುತ್ತದೋ ನಿಲ್ಲುತ್ತದೋ ಅಂತ. ಸಾಂಡ್ರಾ ಲೇಂಗ್ ಎಂಬ ಹುಡುಗಿಯ ಅಪ್ಪ ಅವ್ವ ಇಬ್ಬರೂ ಬಿಳಿಯರು ಅಂತ ದಾಖಲೆಯಲ್ಲಿತ್ತು. ಮಗಳ ಬಣ್ಣ ಕಂದು, ಕೂದಲು ಗುಂಗುರು. 1966ರಲ್ಲಿ ಅವಳನ್ನು ಬಿಳಿಯರ ಶಾಲೆಯಿಂದ ಹೊರಗೆ ಹಾಕಿದರು. ಅವಳಿಗೆ ಆಗ ಬರೇ ಹತ್ತು ವರ್ಷ. ಒಂದೇ ಮನೆಯಲ್ಲಿ ಹೆತ್ತವ್ವ ಒಂದು ಜನ, ಮಗಳು ಇನ್ನೊಂದು ಜನ ಆದರು! ಆ ಕಾನೂನು 1991ರಲ್ಲಿ ಹೋಯಿತು.

ಅದೆಲ್ಲ ದೂರದ ಮಾತು ಅಂದುಕೊಳ್ಳಬೇಡಿ. ನಮ್ಮಲ್ಲಿ ಪೆನ್ಸಿಲ್ ಇರಲಿಲ್ಲ, ಜಿಲ್ಲೆಯ ಗಡಿ ಇತ್ತು.

2003ರಲ್ಲಿ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದರು. ಎಸ್.ಟಿ. ಅಂತಾರಲ್ಲ, ಅದೇ. ಆದರೆ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳಿಗೆ ಮಾತ್ರ. ಇಬ್ಬರು ಅಣ್ಣತಮ್ಮಂದಿರು ಅಂದುಕೊಳ್ಳೋಣ. ಅಣ್ಣನ ಮನೆ ಹಳಿಯಾಳ ತಾಲೂಕಿನಲ್ಲಿ. ತಮ್ಮನ ಮನೆ ಮೊದಲಿನಿಂದಲೂ ಕಲಘಟಗಿ ತಾಲೂಕಿನಲ್ಲಿ. ಅಣ್ಣನ ಮಗಳಿಗೆ ಎಸ್.ಟಿ. ಪ್ರಮಾಣಪತ್ರ ಸಿಕ್ಕಿತು. ತಮ್ಮನ ಮಗಳಿಗೆ ಇಲ್ಲ. ಅಜ್ಜಿ ಒಬ್ಬಳೇ, ಮುಖ ಒಂದೇ, ಸಂತೆಯಲ್ಲಿ ಕೇಳುವ ಪ್ರಶ್ನೆಯೂ ಒಂದೇ. ಅಳ್ನಾವರದಿಂದ ಹಳಿಯಾಳದ ಬಸ್ಸು ಹತ್ತಿದರೆ ಗಡಿ ಯಾವಾಗ ದಾಟಿತು ಅಂತ ಗೊತ್ತೇ ಆಗುವುದಿಲ್ಲ. ಕಾಗದಕ್ಕೆ ಮಾತ್ರ ಗೊತ್ತಿತ್ತು. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು ಆ ಪಟ್ಟಿಗೆ ಸೇರಿದ್ದು 2020ರಲ್ಲಿ. ಹದಿನೇಳು ವರ್ಷ ಆಯಿತು. 2003ರಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ದಾಟಿರುತ್ತದೆ. ಅದೇ 2020ರಲ್ಲಿ ಯಲ್ಲಾಪುರ ಕಡೆಯ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು. ಸಿದ್ದಿಗಳಲ್ಲಿ ಅವರೇ ಮೊದಲಿಗರು.

ಈಗ ಇನ್ನೊಂದು ಪ್ರಶ್ನೆ ಉಳಿಯಿತು. ಇದು ಹೆಣ್ಣುಮಕ್ಕಳ ಪ್ರಶ್ನೆ. ಸಿದ್ದಿ ಹೆಣ್ಣು ಬೇರೆ ಜಾತಿಯವನನ್ನು ಮದುವೆಯಾದರೆ ಮಗು ಯಾರು? ಕಚೇರಿಯಲ್ಲಿ ಮೊದಲು ಕೇಳುವುದು ಅಪ್ಪನ ಜಾತಿ. ಅಪ್ಪ ಸಿದ್ದಿಯಾಗಿದ್ದು ಅವ್ವ ಬೇರೆ ಜಾತಿಯವಳಾದರೆ ಅಷ್ಟು ತೊಡಕಿಲ್ಲ. ಅವ್ವ ಸಿದ್ದಿಯಾದರೆ "ಅಪ್ಪಂದು ತಗೊಂಡು ಬರ್ರಿ" ಅಂತಾರೆ. ಗಂಡ ಬಿಟ್ಟು ಹೋಗಿರುತ್ತಾನೆ, ಮಗು ಅವ್ವನ ಓಣಿಯಲ್ಲೇ ಬೆಳೆದಿರುತ್ತದೆ. ಶಾಲೆಯಲ್ಲಿ ಮಕ್ಕಳು ಅದನ್ನು ಸಿದ್ದಿ ಅಂತಲೇ ಕಾಡಿಸಿರುತ್ತಾರೆ. ಕಾಡಿಸುವಾಗ ಸಿದ್ದಿ, ಸವಲತ್ತಿಗೆ ಮಾತ್ರ ಅಲ್ಲ. ಇದು ಅನ್ಯಾಯ ಅಂತ ನಾವು ಹೇಳುತ್ತೇವೆ.

ಸುಪ್ರೀಂ ಕೋರ್ಟೂ ಈ ಮಾತನ್ನು ಯೋಚಿಸಿದೆ. ಗುಜರಾತಿನ ಒಂದು ಪ್ರಕರಣದಲ್ಲಿ 2012ರಲ್ಲಿ ತೀರ್ಪು ಬಂತು. ಅಲ್ಲಿ ಅವ್ವ ಬುಡಕಟ್ಟಿನವಳು, ಅಪ್ಪ ಮೇಲಿನ ಜಾತಿಯವನು. ಸಾಮಾನ್ಯವಾಗಿ ಮಗುವಿಗೆ ಅಪ್ಪನ ಜಾತಿ ಅಂತ ತಿಳಿಯುತ್ತಾರೆ, ಆದರೆ ಅದೇ ಕೊನೆಯ ಮಾತಲ್ಲ ಅಂತ ಕೋರ್ಟು ಹೇಳಿತು. ಮಗುವನ್ನು ಬೆಳೆಸಿದ್ದು ಅವ್ವ, ಅವಳ ಜನರ ಕಷ್ಟ ಅವಮಾನ ಮಗುವೂ ಉಂಡಿದೆ, ಆ ಜನರೂ ಮಗುವನ್ನು ತಮ್ಮದು ಅಂದಿದ್ದಾರೆ ಅಂತ ತೋರಿಸಿದರೆ ಅವ್ವನ ಕಡೆಯಿಂದ ಕೇಳಬಹುದು. ತೋರಿಸಲು ಪುರಾವೆ ಬೇಕು. ಬರೀ ಬಾಯಿಮಾತು ಸಾಲದು.

ಆದ್ದರಿಂದ ಮಗುವನ್ನು ಒಂದನೆಯ ಇಯತ್ತೆಗೆ ಸೇರಿಸುವ ದಿನ ಅರ್ಜಿ ಓದಿ. ಜಾತಿ ಎಂಬ ಕಲಂ ಇರುತ್ತದೆ. ಅಲ್ಲಿ 'ಸಿದ್ದಿ' ಅಂತ ಇದೆಯೇ ನೋಡಿ. ಬರೇ 'ಮುಸ್ಲಿಂ', 'ಕ್ರಿಶ್ಚಿಯನ್' ಅಂತ ಬರೆದಿದ್ದರೆ ಮುಂದೆ ತೊಡಕಾಗುತ್ತದೆ. ಪರಿಶಿಷ್ಟ ಪಂಗಡಕ್ಕೆ ಧರ್ಮ ಅಡ್ಡಿಯಿಲ್ಲ. ಪ್ರಮಾಣಪತ್ರದ ಅರ್ಜಿ ನಾಡಕಚೇರಿಯಲ್ಲಿ ಕೊಡಬೇಕು, ಕೊಡುವವರು ತಹಶೀಲ್ದಾರರು. ಅವ್ವನ ಪ್ರಮಾಣಪತ್ರ, ಮಗುವಿನ ಶಾಲೆಯ ದಾಖಲೆ, ರೇಶನ್ ಕಾರ್ಡು ಜೊತೆಗಿರಲಿ. "ಆಗಂಗಿಲ್ಲ" ಅಂದರೆ ಎದ್ದು ಬರಬೇಡಿ. "ಬರೆದು ಕೊಡ್ರಿ ಸಾಹೇಬ್ರ" ಅನ್ನಿ. ಬರೆದು ಕೊಟ್ಟ ಆದೇಶದ ಮೇಲೆ ಎ.ಸಿ. ಸಾಹೇಬರಿಗೆ, ಅಂದರೆ ಉಪವಿಭಾಗಾಧಿಕಾರಿಗೆ, ಮೇಲ್ಮನವಿ ಹಾಕಬಹುದು. ಅದಕ್ಕೆ 30 ದಿನ ಮಾತ್ರ ಅವಧಿ. ಆದೇಶ ಕೈಗೆ ಬಂದ ದಿನವೇ ಅದರ ಮೂಲೆಯಲ್ಲಿ ತಾರೀಖು ಬರೆದಿಡಿ.